ಸವೆದ ಬ್ಯಾಟರಿಯೂ ಬಳಸುವವನ ಧರ್ಮವೂ

ಒಂದು ವಸ್ತುವನ್ನು ಎಲ್ಲಿಯವರೆಗೆ ಬಳಸಬೇಕು, ಯಾವಾಗ ಬಿಡಬೇಕು ಎಂಬುದು ಮೇಲುನೋಟಕ್ಕೆ ಬಹು ಸಣ್ಣ ಪ್ರಶ್ನೆ. ಕೊಡವು ಒಡೆದರೆ ಬಿಸಾಡುತ್ತೇವೆ. ಬಟ್ಟೆಯು ಹರಿದರೆ ಹೊಲಿಯುತ್ತೇವೆ. ಹೊಲಿಗೆಯೂ ನಿಲ್ಲದಂತಾದಾಗ ಅದು ನೆಲ ಒರೆಸುವ ಅರಿವೆಯಾಗುತ್ತದೆ. ಇಂಥ ವಿಷಯಗಳಲ್ಲಿ ನಮ್ಮ ಹಿರಿಯರಿಗೆ ದೀರ್ಘ ವಿಚಾರದ ಅಗತ್ಯವೇ ಬೀಳಲಿಲ್ಲ. ಆದರೆ ಒಡೆಯದೆ, ಹರಿಯದೆ, ಹೊರಗೆ ಹೊಸದರಂತೆಯೇ ಇದ್ದು, ಒಳಗೆ ಕಣ್ಣಿಗೆ ಕಾಣದಂತೆ ಸವೆಯುವ ವಸ್ತುವೊಂದು ಇಂದು ಕೂಲಿಕಾರನಿಂದ ಹಿಡಿದು ಕುಲಪತಿಯವರೆಗೆ ಬಹುಜನರ ಕೈಯಲ್ಲಿದೆ. ಸ್ಮಾರ್ಟ್‌ಫೋನು ಹಳೆಯದಾಯಿತೆಂದು ನಾವು ಹೇಳುವುದು ಬಹುಮಟ್ಟಿಗೆ ಅದರ ಬ್ಯಾಟರಿಯು ಸವೆದಾಗ. ಆ ಸವೆತವನ್ನು ತಡೆಯುವುದು ಹೇಗೆ, ಎಷ್ಟರ ಮಟ್ಟಿಗೆ ತಡೆಯುವುದು ಯುಕ್ತ, ತಡೆಯಲು ಹೊರಟವನ ಮನಸ್ಸಿನಲ್ಲಿ ಏನಿರಬೇಕು ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ನನಗೆ ತೋರಿದುದಕ್ಕೆ ಒಂದು ಕಾರಣವಿದೆ. ಆ ಕಾರಣವು ನನಗೆ ಹೆಮ್ಮೆ ತರುವಂಥದಲ್ಲ.

ನಾನು ಬಳಸುತ್ತಿರುವ ಫೋನು 2018ರಲ್ಲಿ ಕೊಂಡುದು. 2025ರ ವೈಶಾಖದ ಹೊತ್ತಿಗೆ ಅದಕ್ಕೆ ಏಳು ವರ್ಷ ತುಂಬಿತ್ತು. ಬೆಳಿಗ್ಗೆ ಪೂರ್ತಿ ಚಾರ್ಜು ಮಾಡಿದರೆ ಮಧ್ಯಾಹ್ನದ ಊಟದ ವೇಳೆಗೆ ಅರ್ಧಕ್ಕೆ ಇಳಿಯುತ್ತಿತ್ತು. ಶೇಕಡ 30 ಉಳಿದಿದೆಯೆಂದು ತೋರಿಸುತ್ತಿರುವಾಗಲೇ ಒಮ್ಮೊಮ್ಮೆ ತಟ್ಟನೆ ಆರಿಹೋಗುತ್ತಿತ್ತು. ಮೂರು ತಿಂಗಳಿಂದ ಹೀಗಾಗುತ್ತಿರುವುದು ನನಗೆ ಗೊತ್ತಿತ್ತು. ರಜೆಯಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು, "ಮುತ್ಯಾ, ಇದರ ಕತಿ ಮುಗದದ, ಹೊಸಾದು ತಗೋರಿ" ಎಂದು ಎರಡು ಸಲ ಹೇಳಿದ್ದನು. ಕೆಲಸ ನಡೆದಿದೆಯಲ್ಲ ಎಂದು ನಾನು ನಕ್ಕುಬಿಟ್ಟಿದ್ದೆನು. ಅವನು ಊರಿಗೆ ಹೊರಟುಹೋದ ವಾರದಲ್ಲಿಯೇ ಒಂದು ರಾತ್ರಿ ವಿದ್ಯುತ್ತು ಹೋಗಿತ್ತು. ಮನೆಯಲ್ಲಿ ನಾನೊಬ್ಬನೇ ಇದ್ದೆನು. ಹನ್ನೊಂದರ ಸುಮಾರಿಗೆ ಫೋನು ಗಂಟೆ ಬಾರಿಸಿತು. ಪರದೆಯ ಮೇಲೆ ಆಳಂದದ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮಗನ ಹೆಸರು ಕಂಡಿತು. ನಾನು ಕೈ ಚಾಚುವಷ್ಟರಲ್ಲಿ ಬೆಳಕು ಆರಿತು. ಮತ್ತೆ ಹೊತ್ತಿಸಲು ಮಾಡಿದ ಪ್ರಯತ್ನವೆಲ್ಲ ವ್ಯರ್ಥವಾಯಿತು. ಬೆಳಗಿನ ಜಾವದಲ್ಲಿ ವಿದ್ಯುತ್ತು ಬಂದು, ಫೋನಿಗೆ ಜೀವ ಬಂದ ಮೇಲೆ ಸಂಗತಿ ತಿಳಿಯಿತು. ಅಕ್ಕನಿಗೆ ಎದೆನೋವು ಬಂದು ರಾತ್ರಿಯೇ ನಗರದ ಆಸ್ಪತ್ರೆಗೆ ತಂದಿದ್ದರು. ಅದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯೂ ಅಲ್ಲ. ಅಳಿಯನು ಹಣಕ್ಕೂ ಆಸರೆಗೂ ನನ್ನನ್ನೇ ನಂಬಿಕೊಂಡು ಏಳು ಸಲ ಕರೆ ಮಾಡಿದ್ದನಂತೆ. ದೇವರ ದಯದಿಂದ ಅಕ್ಕನು ಗುಣಮುಖಳಾದಳು. ಅಂದು ಬೆಳಿಗ್ಗೆ ನಾನು ಓಡಿಹೋಗಿ ಮಂಚದ ಬಳಿ ನಿಂತಾಗ ಆಕೆ ಏನನ್ನೂ ಕೇಳಲಿಲ್ಲ. "ಚಾ ಕುಡದೇನೋ ತಮ್ಮಾ" ಎಂದಳು. ಅಳಿಯನು ಮಾತ್ರ ನನ್ನ ಮುಖ ನೋಡದೆ ಕಿಟಕಿಯ ಕಡೆಗೆ ತಿರುಗಿ ನಿಂತಿದ್ದನು.

ಹಳೆಯ ಫೋನನ್ನು ಬಿಡದೆ ಇಟ್ಟುಕೊಂಡುದನ್ನು ನಾನು ಅಂದಿನವರೆಗೆ ಮಿತವ್ಯಯವೆಂದು ತಿಳಿದಿದ್ದೆನು. ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆನು. ಅಂದಿನಿಂದ ಆ ಮಾತನ್ನು ಅಷ್ಟು ಸುಲಭವಾಗಿ ಹೇಳಲು ನಾಲಗೆ ಹೊರಳದು. ಇದ್ದುದು ಮಿತವ್ಯಯವೋ ಲೋಭವೋ ಅಥವಾ ನಾನು ಸರಳನೆಂದು ತೋರಿಸಿಕೊಳ್ಳುವ ಡಂಭವೋ? ಲೋಭಿಯು ಹಣವನ್ನು ಉಳಿಸುತ್ತಾನೆ. ಮಿತವ್ಯಯಿಯು ವಸ್ತುವನ್ನು ಉಳಿಸುತ್ತಾನೆ. ನಾನು ವಸ್ತುವನ್ನು ಉಳಿಸಿರಲಿಲ್ಲ. ಅದು ಕಾಯಿಲೆ ಬಿದ್ದು ಮೂರು ತಿಂಗಳಾಗಿದ್ದರೂ ಚಿಕಿತ್ಸೆ ಮಾಡಿಸಿರಲಿಲ್ಲ, ಅದು ಹೇಗೆ ಕಾಯಿಲೆ ಬಿದ್ದಿತೆಂದು ತಿಳಿಯುವ ಗೋಜಿಗೂ ಹೋಗಿರಲಿಲ್ಲ. ಬಳಸುತ್ತ ಹೋಗುವುದು ಬೇರೆ, ಕಾಪಾಡುವುದು ಬೇರೆ. ಈ ಭೇದವು ನನಗೆ ತಡವಾಗಿ ಹೊಳೆಯಿತು. ಆಮೇಲೆ ತಿಳಿದವರನ್ನು ಕೇಳಿ, ಓದಿ, ಅರ್ಥ ಮಾಡಿಕೊಂಡುದನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ. ಏಕೆಂದರೆ ಸವೆತದ ಸ್ವರೂಪವನ್ನು ತಿಳಿಯದೆ ಅದರ ವಿಷಯದಲ್ಲಿ ಕರ್ತವ್ಯವೇನೆಂಬುದನ್ನು ನಿಶ್ಚಯಿಸಲಾಗದು.

ಇಂದಿನ ಫೋನುಗಳಲ್ಲಿರುವುದು ಲಿಥಿಯಂ-ಅಯಾನು ಬ್ಯಾಟರಿ. ಅದರ ಮುಖ್ಯಾಂಗವಾದ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ವಿದ್ಯುದ್ವಾರವನ್ನು 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು. 1991ರಲ್ಲಿ ಸೋನಿ ಕಂಪನಿಯು ಇಂಥ ಬ್ಯಾಟರಿಯನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆಗ ಗುಡಿನಫ್ ಅವರಿಗೆ 97 ವರ್ಷ. ತೊಂಬತ್ತು ದಾಟಿದ ಮೇಲೂ ಆ ಹಿರಿಯರು ಟೆಕ್ಸಾಸಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯನ್ನು ಬಿಟ್ಟಿರಲಿಲ್ಲ. 2023ರಲ್ಲಿ ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೈಯಿಂದ ಮೂಡಿದ ಬ್ಯಾಟರಿಯು ಮೂರು ನಾಲ್ಕು ವರ್ಷಗಳಲ್ಲಿ ಮುಪ್ಪಾಗುತ್ತದೆಂಬುದು ಒಂದು ವಿಚಿತ್ರ.

ಬ್ಯಾಟರಿಯೊಳಗೆ ಎರಡು ಮನೆಗಳಿವೆಯೆಂದು ಭಾವಿಸಬಹುದು. ಒಂದು ಕೋಬಾಲ್ಟ್ ಕೂಡಿದ ಆಕ್ಸೈಡಿನ ಮನೆ, ಇನ್ನೊಂದು ಗ್ರಾಫೈಟಿನ ಮನೆ. ಚಾರ್ಜು ಮಾಡುವಾಗ ಲಿಥಿಯಮ್ಮಿನ ಅಯಾನುಗಳು ಮೊದಲನೆಯ ಮನೆಯಿಂದ ಹೊರಟು, ನಡುವಣ ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳ ನಡುವೆ ಹೋಗಿ ನೆಲೆಸುತ್ತವೆ. ಫೋನನ್ನು ಬಳಸುವಾಗ ಅವೇ ಮರಳಿ ಬರುತ್ತವೆ. ಈ ಹೋಗಿಬರುವ ಯಾತ್ರೆಯಲ್ಲಿ ಪ್ರತಿಸಲವೂ ಕಿಂಚಿತ್ತು ಲಿಥಿಯಂ ದಾರಿಯಲ್ಲಿಯೇ ಉಳಿದುಬಿಡುತ್ತದೆ. ಗ್ರಾಫೈಟಿನ ಮೈಮೇಲೆ ಒಂದು ತೆಳುಪೊರೆಯಾಗಿ ಕಟ್ಟಿಕೊಳ್ಳುತ್ತದೆ. ಆ ಪೊರೆಯು ಬೇಕಾದುದೇ. ಅದಿಲ್ಲದೆ ಬ್ಯಾಟರಿಯು ನಿಲ್ಲದು. ಆದರೆ ಅದು ದಿನದಿನಕ್ಕೆ ದಪ್ಪವಾಗುತ್ತದೆ. ಇದರಿಂದ ಎರಡು ಹಾನಿಗಳುಂಟು. ಯಾತ್ರಿಕರು ಕಡಿಮೆಯಾದುದರಿಂದ ಬ್ಯಾಟರಿಯು ಹಿಡಿಯುವ ಶಕ್ತಿಯು ಕುಗ್ಗುತ್ತದೆ. ದಾರಿಯು ದುರ್ಗಮವಾದುದರಿಂದ ಒಳಗಿನ ತಡೆಯು ಹೆಚ್ಚುತ್ತದೆ. ನನ್ನ ಫೋನು ಆ ರಾತ್ರಿ ಆರಿದುದಕ್ಕೆ ಈ ಎರಡನೆಯದೇ ಕಾರಣವೆಂದು ಈಗ ತಿಳಿದಿದೆ. ಕರೆ ಬಂದೊಡನೆ ಗಂಟೆ, ಕಂಪನ, ಪರದೆಯ ಬೆಳಕು, ರೇಡಿಯೋ ಇವೆಲ್ಲ ಒಮ್ಮೆಗೇ ಶಕ್ತಿಯನ್ನು ಬೇಡುತ್ತವೆ. ಮುದಿ ಬ್ಯಾಟರಿಯು ಅದನ್ನು ಒದಗಿಸಲಾರದೆ ಅದರ ವೋಲ್ಟೇಜು ಕುಸಿಯುತ್ತದೆ. ಫೋನು ತನ್ನನ್ನು ರಕ್ಷಿಸಿಕೊಳ್ಳಲು ಆರಿಕೊಳ್ಳುತ್ತದೆ. ಮನೆಯಲ್ಲಿ ಧಾನ್ಯವಿದ್ದೂ ಬೀಸುವ ಬಲವಿಲ್ಲದ ಮುದುಕಿಯ ಸ್ಥಿತಿ ಅದರದು. ಪರದೆಯ ಮೇಲಿನ ಶೇಕಡ 30 ಎಂಬುದು ಅಳೆದು ನೋಡಿದ ಸತ್ಯವಲ್ಲ, ಒಂದು ಅಂದಾಜು.

ಈ ಮುಪ್ಪನ್ನು ಬೇಗ ತರುವ ವಸ್ತುಗಳು ಮುಖ್ಯವಾಗಿ ಎರಡು. ಒಂದು ಕಾವು, ಇನ್ನೊಂದು ತುಂಬಿ ತುಳುಕುವಿಕೆ. ಬ್ಯಾಟರಿಯು ನೂರು ಶೇಕಡ ತುಂಬಿದಾಗ ಅದರ ವೋಲ್ಟೇಜು ಸುಮಾರು 4.2ರ ತುತ್ತತುದಿಯಲ್ಲಿರುತ್ತದೆ. ಆ ತುದಿಯಲ್ಲಿ ಬಹಳ ಹೊತ್ತು ನಿಂತಷ್ಟೂ ಒಳಗಿನ ದ್ರವವು ಕೆಡುತ್ತದೆ. ರಾತ್ರಿಯೆಲ್ಲ ಚಾರ್ಜರಿಗೆ ಸಿಕ್ಕಿಸಿ, ದಿಂಬಿನ ಕೆಳಗೆ ಇಟ್ಟು ಮಲಗುವವನು ಎರಡು ಕೇಡನ್ನೂ ಒಟ್ಟಿಗೆ ಮಾಡುತ್ತಾನೆ. ಪೂರ್ತಿ ಬರಿದುಮಾಡುವುದೂ ಹಿತವಲ್ಲ. ನಡುವೆ ಇರುವುದೇ ಅದಕ್ಕೆ ಸೌಖ್ಯ. ಇಪ್ಪತ್ತಕ್ಕಿಂತ ಕೆಳಗಿಳಿಯದಂತೆ, ಎಂಬತ್ತಕ್ಕಿಂತ ಬಹಳ ಮೇಲೇರದಂತೆ ನೋಡಿಕೊಂಡರೆ ಅದರ ಆಯುಷ್ಯವು ಗಣನೀಯವಾಗಿ ಬೆಳೆಯುತ್ತದೆ. ಈಚಿನ ಫೋನುಗಳಲ್ಲಿ ಎಂಬತ್ತಕ್ಕೆ ನಿಲ್ಲುವ ಏರ್ಪಾಟು ಉಂಟು. ಹಳೆಯದರಲ್ಲಿ ಅದಿಲ್ಲದಿದ್ದರೆ ನಾವೇ ಎದ್ದು ಕಿತ್ತರಾಯಿತು. ನಮ್ಮ ವಯಸ್ಸಿನವರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ತಿಂಗಳಿಗೊಮ್ಮೆಯಾದರೂ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಮತ್ತೆ ಪೂರ್ತಿ ತುಂಬಬೇಕು, ಇಲ್ಲದಿದ್ದರೆ ಅದು ಅರ್ಧಕ್ಕೇ ರೂಢಿಯಾಗುತ್ತದೆ ಎಂಬುದು. ಇದು ಹಿಂದಿನ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ಸಲ್ಲುತ್ತಿದ್ದ ಮಾತು. ಕಾಲ ಹೋದರೂ ಮಾತು ಉಳಿಯಿತು. ಲಿಥಿಯಂ ಬ್ಯಾಟರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸುವುದೇ ಲೇಸು.

ಹಲವು ಸಲ ಚಾರ್ಜು ಮಾಡಿದರೆ ಆವರ್ತಗಳು ಬೇಗ ಮುಗಿಯುವುದಿಲ್ಲವೇ ಎಂದು ಒಬ್ಬ ಮಿತ್ರರು ಕೇಳಿದರು. ಮುಗಿಯುವುದಿಲ್ಲ. ಇಂದು ಅರ್ಧ, ನಾಳೆ ಅರ್ಧ ತುಂಬಿದರೆ ಎರಡೂ ಸೇರಿ ಒಂದು ಆವರ್ತವೆಂದೇ ಲೆಕ್ಕ. ಹಳೆಯ ಫೋನುಗಳ ಬ್ಯಾಟರಿಯು ಸಾಮಾನ್ಯವಾಗಿ ಇಂಥ 500 ಪೂರ್ಣ ಆವರ್ತಗಳ ಬಳಿಕ ಮೂಲಶಕ್ತಿಯ ಶೇಕಡ 80ರಷ್ಟನ್ನು ಉಳಿಸಿಕೊಳ್ಳುವಂತೆ ರಚಿತವಾದುದು. ದಿನಕ್ಕೊಂದು ಆವರ್ತವಾದರೆ ಒಂದೂವರೆ ವರ್ಷಕ್ಕೆ ಆ ಗಡಿ ಬರುತ್ತದೆ. ಬಳಕೆಯನ್ನು ಅರ್ಧಕ್ಕಿಳಿಸಿದವನಿಗೆ ಮೂರು ವರ್ಷ ಸಿಗುತ್ತದೆ. ಆದರೆ ಸುಮ್ಮನೆ ಇಟ್ಟರೂ ವಯಸ್ಸು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ.

ಇನ್ನು ಕಾವಿನ ಮಾತು. ಇದು ನಮ್ಮ ಕಡೆಯವರು ಕಿವಿಗೊಟ್ಟು ಕೇಳತಕ್ಕದ್ದು. ಸುತ್ತಣ ಹವೆಯು 35 ಡಿಗ್ರಿಗಿಂತ ಹೆಚ್ಚಾಗಿರುವಲ್ಲಿ ತನ್ನ ಫೋನನ್ನು ಬಳಸಬಾರದೆಂದು ಆ್ಯಪಲ್ ಕಂಪನಿಯು ಹೇಳುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಹಗಲು 40ನ್ನು ದಾಟುವುದು ವರ್ಷವರ್ಷದ ಸಂಗತಿ. ಕ್ಯಾಲಿಫೋರ್ನಿಯದಲ್ಲಿ ಕುಳಿತು ಬರೆದ ಆ ನಿಯಮವನ್ನು ಅಕ್ಷರಶಃ ಪಾಲಿಸಿದರೆ ನಾವು ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಫೋನನ್ನು ಮುಟ್ಟುವಂತಿಲ್ಲ! ಆದರೂ ಮಾಡಬಹುದಾದುದು ಉಂಟು. ನಡುಹಗಲಿನಲ್ಲಿ ಚಾರ್ಜು ಮಾಡದೆ ಬೆಳಗಿನ ತಂಪಿನಲ್ಲಿ ಮಾಡುವುದು. ಚಾರ್ಜು ಮಾಡುವಾಗ ದಪ್ಪನೆಯ ಕವಚವನ್ನು ತೆಗೆದಿಡುವುದು. ಬೈಕಿನ ಮುಂಭಾಗದಲ್ಲಿ, ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಇಡದಿರುವುದು. ಅವಸರವಿಲ್ಲದಾಗ ಶೀಘ್ರ ಚಾರ್ಜರಿಗೆ ಬದಲು ಸಾವಕಾಶದ ಚಾರ್ಜರನ್ನು ಬಳಸುವುದು. ಫೋನು ಕಾದಿದೆಯೆಂದು ಫ್ರಿಜ್ಜಿನಲ್ಲಿಟ್ಟ ಮಹನೀಯರೊಬ್ಬರನ್ನು ನಾನು ಬಲ್ಲೆನು. ಹೊರತೆಗೆದಾಗ ಒಳಗೆ ನೀರು ಬೆವರಿ ಫೋನೇ ಹೋಯಿತು.

ಆಯುಷ್ಯವನ್ನು ಉಳಿಸುವುದು ಒಂದು, ಆ ದಿನದ ಚಾರ್ಜನ್ನು ಉಳಿಸುವುದು ಇನ್ನೊಂದು. ಜನರು ಎರಡನ್ನೂ ಬೆರೆಸಿ ಮಾತನಾಡುತ್ತಾರೆ. ದಿನದ ಚಾರ್ಜನ್ನು ತಿನ್ನುವುದರಲ್ಲಿ ಪರದೆಯ ಬೆಳಕು ಮೊದಲನೆಯದು. ಸಿಗ್ನಲ್ಲು ದುರ್ಬಲವಾಗಿರುವ ಊರಿನಲ್ಲಿ ಫೋನು ಗೋಪುರವನ್ನು ಹುಡುಕುತ್ತ ಕೂಗಿ ಕೂಗಿ ದಣಿಯುತ್ತದೆ. ಅಂಥಲ್ಲಿ ಡೇಟಾವನ್ನು ನಿಲ್ಲಿಸಿ, ಬರಿಯ ಕರೆಗಾಗಿ ಇಟ್ಟುಕೊಳ್ಳುವುದು ವಿವೇಕ. ನಾವಿರುವ ಸ್ಥಳವನ್ನು ಎಡೆಬಿಡದೆ ಕೇಳುವ ಆ್ಯಪುಗಳಿಗೆ ಆ ಅನುಮತಿಯನ್ನು ಕೊಡಬೇಕಾದ ಕಾರಣವೇ ಇಲ್ಲ. ಹಿಂದೆ ತೆರೆದ ಆ್ಯಪುಗಳನ್ನೆಲ್ಲ ಬೆರಳಿನಿಂದ ತಳ್ಳಿ ತಳ್ಳಿ ಮುಚ್ಚುವ ಅಭ್ಯಾಸದಿಂದ ಮಾತ್ರ ಲಾಭವಿಲ್ಲ. ಪುನಃ ತೆರೆಯುವಾಗ ಮೊದಲಿನಿಂದ ಹೊತ್ತಿಸಬೇಕಾದುದರಿಂದ ವೆಚ್ಚವು ಹೆಚ್ಚುವುದೂ ಉಂಟು.

ಇಷ್ಟೆಲ್ಲ ಹೇಳಿದಾಗ ಒಂದು ಆಕ್ಷೇಪಣೆ ಏಳುವುದು ಸಹಜ. ಉಪಕರಣವು ಮನುಷ್ಯನಿಗಾಗಿ ಇದೆಯೋ ಮನುಷ್ಯನು ಉಪಕರಣಕ್ಕಾಗಿ ಇದ್ದಾನೆಯೋ? ಇಪ್ಪತ್ತು ಎಂಬತ್ತು ಎಂದು ಎಣಿಸುತ್ತ, ಎರಡು ಗಳಿಗೆಗೊಮ್ಮೆ ಶೇಕಡವನ್ನು ನೋಡುತ್ತ ಕುಳಿತವನು ಒಂದು ಲೋಹದ ಚೂರಿಗೆ ಚಾಕರಿ ಮಾಡಿದಂತಾಗಲಿಲ್ಲವೆ? ಈ ಆಕ್ಷೇಪಣೆಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ನಿವೃತ್ತ ಉಪಾಧ್ಯಾಯರೊಬ್ಬರು ಎಂಬತ್ತು ಶೇಕಡದ ವೇಳೆಗೆ ಸರಿಯಾಗಿ ಎಚ್ಚರಗೊಳ್ಳಲು ನಡುರಾತ್ರಿಯಲ್ಲಿ ಅಲಾರಮು ಇಟ್ಟುಕೊಂಡುದನ್ನು ಕಂಡಿದ್ದೇನೆ. ಬ್ಯಾಟರಿಯ ನಿದ್ರೆಗಾಗಿ ತಮ್ಮ ನಿದ್ರೆಯನ್ನು ಕೊಟ್ಟರು. ಫೋನು ಉಳಿಯಿತು, ಕೊಂಡವನ ಶಾಂತಿಯು ಹೋಯಿತು. ವಸ್ತುವಿನ ಮೇಲಣ ಆಸೆಯು ಹೊಸದನ್ನು ಕೊಳ್ಳುವುದರಲ್ಲಿ ಮಾತ್ರ ಅಡಗಿರುತ್ತದೆಂದು ತಿಳಿಯಬಾರದು. ಹಳೆಯದನ್ನು ಅಪ್ಪಿಕೊಂಡಿರುವುದರಲ್ಲಿಯೂ ಅದು ವೇಷ ಬದಲಿಸಿಕೊಂಡು ಬರುತ್ತದೆ. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಂಡುಕೊಂಡುದು ಇದನ್ನೇ. ದೂರ ಪ್ರವಾಸ ಹೊರಟಾಗ, ಮನೆಯಲ್ಲಿ ರೋಗಿಯಿರುವಾಗ, ಯಾರಾದರೂ ನಮ್ಮ ಕರೆಗೆ ಕಾದಿರುವಾಗ ನೂರಕ್ಕೆ ನೂರು ತುಂಬಬೇಕು. ಅಂದು ಬ್ಯಾಟರಿಯ ಆಯುಷ್ಯವು ಒಂದು ದಿನ ಕಡಿಮೆಯಾದರೆ ಆಗಲಿ. ಬ್ಯಾಟರಿಯು ಇರುವುದೇ ಖರ್ಚಾಗುವುದಕ್ಕೆ. ಯಾವುದಕ್ಕಾಗಿ ಖರ್ಚಾಯಿತೆಂಬುದಷ್ಟೇ ನೋಡತಕ್ಕ ವಿಷಯ.

ಬಳಸುವವನ ಧರ್ಮವು ಇಷ್ಟಾದರೆ ಮಾಡಿಕೊಡುವವನಿಗೂ ಒಂದು ಧರ್ಮವಿರಲೇಬೇಕು. ಈ ವಿಷಯದಲ್ಲಿ ಐಫೋನಿನ ಬ್ಯಾಟರಿಯ ಪ್ರಕರಣವು ಯೋಚನೆಗೆ ಯೋಗ್ಯವಾದುದು. 2016ರ ಕೊನೆಯಲ್ಲಿ ಐಫೋನ್ 6, 6ಎಸ್ ಫೋನುಗಳು ಚಾರ್ಜು ಉಳಿದಿರುವಾಗಲೇ ಆರಿಹೋಗುತ್ತಿವೆಯೆಂಬ ದೂರುಗಳು ಬಂದವು. ನನ್ನ ಫೋನಿಗೆ ಆದದ್ದೇ ಅವಕ್ಕೂ ಆಗಿತ್ತು. 2017ರ ಆರಂಭದಲ್ಲಿ ಆ್ಯಪಲ್ ಕಂಪನಿಯು ತನ್ನ ತಂತ್ರಾಂಶದ ಹೊಸ ಆವೃತ್ತಿಯನ್ನು ಕಳುಹಿಸಿತು. ಬ್ಯಾಟರಿಯು ಸವೆದಿರುವ ಫೋನು ಒಮ್ಮೆಗೇ ಹೆಚ್ಚು ಶಕ್ತಿಯನ್ನು ಬೇಡದಂತೆ ಅದರ ಓಟವನ್ನೇ ನಿಧಾನಗೊಳಿಸುವ ಉಪಾಯವು ಅದರಲ್ಲಿತ್ತು. ಮುದಿ ಎತ್ತಿನ ನೊಗವನ್ನು ಹಗುರ ಮಾಡಿದಂತೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ತಪ್ಪೆನ್ನಲಾಗದು. ಆದರೆ ಹೀಗೆ ಮಾಡಿದ್ದೇವೆಂದು ಕೊಂಡವರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಫೋನು ನಿಧಾನವಾದುದನ್ನು ಕಂಡವರು ಇದು ಹಳೆಯದಾಯಿತೆಂದು ತಿಳಿದರು. ಹೊಸದನ್ನು ಕೊಂಡವರು ಎಷ್ಟೋ ಜನ. 2017ರ ಡಿಸೆಂಬರಿನಲ್ಲಿ ಪರೀಕ್ಷಕರು ಅಂಕಿಗಳಿಂದ ಇದನ್ನು ಹೊರಗೆಳೆದ ಮೇಲೆ ಕಂಪನಿಯು ಒಪ್ಪಿಕೊಂಡಿತು, ಕ್ಷಮೆ ಕೇಳಿತು, 79 ಡಾಲರಿದ್ದ ಬ್ಯಾಟರಿ ಬದಲಾವಣೆಯ ದರವನ್ನು 2018ರ ಮಟ್ಟಿಗೆ 29 ಡಾಲರಿಗೆ ಇಳಿಸಿತು. ಬ್ಯಾಟರಿಯ ಆರೋಗ್ಯವನ್ನು ಬಳಸುವವನೇ ನೋಡಿಕೊಳ್ಳುವ ಪುಟವನ್ನೂ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಅಧಿಕಾರಿಗಳು ಗ್ರಾಹಕರಿಗೆ ತಿಳಿಸದಿದ್ದುದಕ್ಕಾಗಿ 250 ಲಕ್ಷ ಯೂರೋ ದಂಡವನ್ನು ವಿಧಿಸಿದರು.

ಇದರಲ್ಲಿ ನನ್ನ ಮನಸ್ಸನ್ನು ತಟ್ಟಿದುದು ದಂಡವಲ್ಲ, ಆ ಮೇಲಿನ ಒಂದು ಸಂಗತಿ. 2019ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥರಾದ ಟಿಮ್ ಕುಕ್ ಅವರು ಷೇರುದಾರರಿಗೆ ಬರೆದ ಪತ್ರದಲ್ಲಿ, ವರಮಾನವು ನಿರೀಕ್ಷೆಗಿಂತ ಕಡಿಮೆಯಾದುದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದಾಗಿತ್ತು: ಜನರು ಕಡಿಮೆ ದರದಲ್ಲಿ ಬ್ಯಾಟರಿಯನ್ನು ಬದಲಿಸಿಕೊಂಡರು. ಇದರ ಅರ್ಥವನ್ನು ವಾಚಕರು ಗಮನಿಸಬೇಕು. ಆ ಜನರಿಗೆ ಹೊಸ ಫೋನು ಬೇಕಾಗಿರಲೇ ಇಲ್ಲ. ಬೇಕಾಗಿದ್ದುದು ಅಂಗೈಗಿಂತ ಚಿಕ್ಕದಾದ ಒಂದು ಬ್ಯಾಟರಿ. ಮುಪ್ಪಾದುದು ಒಂದು ಅಂಗ; ನಾವು ಮುಪ್ಪಾಯಿತೆಂದು ಹೊರಹಾಕುತ್ತಿದ್ದುದು ದೇಹವನ್ನೆಲ್ಲ. ಗಾಣದ ಎತ್ತಿನ ಲಾಳ ಸವೆದರೆ ಎತ್ತನ್ನೇ ಕಟುಕರಿಗೆ ಕೊಡುವವನನ್ನು ನಾವು ಏನೆಂದು ಕರೆಯುತ್ತಿದ್ದೆವು? ಹಿಂದಿನ ಫೋನುಗಳಲ್ಲಿ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸಬಹುದಾಗಿತ್ತು. ಆಮೇಲೆ ಅಂದಕ್ಕಾಗಿ, ತೆಳುವಿಗಾಗಿ, ನೀರು ಹೊಗದಿರಲೆಂದು ಅದನ್ನು ಅಂಟುಹಾಕಿ ಮುಚ್ಚಿದರು. ಕಾರಣಗಳೆಲ್ಲ ಸುಳ್ಳಲ್ಲ. ಆದರೆ ಸವೆಯುವುದು ಖಚಿತವಾದ ಅಂಗವನ್ನು ಕೈಗೆಟುಕದಂತೆ ಇಡುವುದು, ಕೊಳ್ಳುವವನ ಮರೆವಿನ ಮೇಲೆ ವ್ಯಾಪಾರ ಕಟ್ಟಿದಂತೆ ಎಂದು ನನಗೆ ತೋರುತ್ತದೆ. ಐರೋಪ್ಯ ಒಕ್ಕೂಟವು ಇದನ್ನು ಕಾನೂನಿನ ವಿಷಯವಾಗಿ ಮಾಡಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನಿನ ಬ್ಯಾಟರಿಯು 800 ಆವರ್ತಗಳ ಬಳಿಕವೂ ಶೇಕಡ 80ರಷ್ಟು ಶಕ್ತಿಯನ್ನು ಉಳಿಸಿಕೊಳ್ಳಬೇಕೆಂದು ಗೊತ್ತುಮಾಡಿದೆ. ಬಳಸುವವನೇ ಬ್ಯಾಟರಿಯನ್ನು ಬಿಚ್ಚಿ ಬದಲಿಸುವಂತಿರಬೇಕೆಂಬ ನಿಯಮಕ್ಕೆ, ಕೆಲವು ವಿನಾಯಿತಿಗಳೊಡನೆ, 2027ರ ಫೆಬ್ರುವರಿ 18ನ್ನು ಗಡುವಾಗಿ ಇಟ್ಟಿದೆ. ನಮ್ಮಲ್ಲಿ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು. ಜಾಲತಾಣವು ಮಾಹಿತಿಯನ್ನು ಕೊಡಬಲ್ಲುದು, ಅಂಟನ್ನು ಬಿಡಿಸಲಾರದು.

ಒಂದು ಬ್ಯಾಟರಿಯನ್ನು ಎರಡು ವರ್ಷ ಹೆಚ್ಚು ಬಾಳಿಸಿದರೆ ಲೋಕಕ್ಕೇನು ಬಂತು ಎನ್ನುವವರು ಅದು ಎಲ್ಲಿಂದ ಬಂದಿತೆಂದು ಒಮ್ಮೆ ನೋಡಬೇಕು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ. ಅಲ್ಲಿನ ಕೊಲ್ವೆಜಿಯ ಸುತ್ತ ದೊಡ್ಡ ಯಂತ್ರಗಳ ಗಣಿಗಳ ಜೊತೆಗೆ, ಬರಿಗೈಯಿಂದ ಗುಂಡಿ ತೋಡಿ ಅದುರನ್ನು ಹೊರುವ ಬಡವರೂ ಇದ್ದಾರೆ. ಅವರಲ್ಲಿ ಮಕ್ಕಳೂ ಇದ್ದಾರೆಂಬುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು 2016ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ ವಿವರವಾಗಿ ಹೇಳಿತು. ನನ್ನ ಫೋನಿನ ಬ್ಯಾಟರಿಯಲ್ಲಿರುವ ಕೋಬಾಲ್ಟು ಕೆಲವೇ ಗ್ರಾಂ. ಅದನ್ನು ತೋಡಿದವನ ಕಾಯಕಕ್ಕೆ ನಾನು ಕೊಟ್ಟ ಬೆಲೆಯಲ್ಲಿ ಎಷ್ಟು ಪಾಲು ಮುಟ್ಟಿತೋ! ಆ ಮನುಷ್ಯನ ಬೆವರನ್ನು ಒಂದೂವರೆ ವರ್ಷದಲ್ಲಿ ತೀರಿಸಿ ಬಿಸಾಡುವುದಕ್ಕೂ, ಐದು ವರ್ಷ ಬಾಳಿಸುವುದಕ್ಕೂ ಭೇದವಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. ಲಿಥಿಯಂ ನಮ್ಮ ನೆಲದಲ್ಲಿಯೂ ಇದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣಗಳ ಭಾಗದಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದನ್ನು ಅಣುಖನಿಜ ನಿರ್ದೇಶನಾಲಯವು ಅಂದಾಜು ಮಾಡಿದೆಯೆಂದು 2021ರಲ್ಲಿ ಸರ್ಕಾರವು ಪಾರ್ಲಿಮೆಂಟಿಗೆ ತಿಳಿಸಿತು. ಜಗತ್ತಿನ ಬೇಡಿಕೆಯ ಮುಂದೆ ಇದು ಒಂದು ಬೊಗಸೆ. ಆದರೆ ನಾಳೆ ಯಾರದೋ ಅವಸರಕ್ಕಾಗಿ ಅಗೆಯುವ ನೆಲವು ನಮ್ಮದೇ ಆಗಬಹುದೆಂಬುದನ್ನು ನೆನೆದರೆ, ದೂರದ ಕೊಲ್ವೆಜಿಯು ಅಷ್ಟೇನೂ ದೂರವೆನಿಸದು. ಇನ್ನು ಬಿಸಾಡಿದ ಮೇಲಿನ ಕಥೆ: 2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ಕಸವು 620 ಲಕ್ಷ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಸಂಸ್ಕರಣಗೊಂಡುದು ಕಾಲುಭಾಗಕ್ಕೂ ಕಡಿಮೆಯೆಂದು ವಿಶ್ವಸಂಸ್ಥೆಯ ವರದಿಯು ತಿಳಿಸುತ್ತದೆ.

ಹಾಗೆಂದು ಹಳೆಯದನ್ನು ಎಂದೆಂದಿಗೂ ಬಿಡಬಾರದೆಂಬುದು ನನ್ನ ವಾದವಲ್ಲ. ಬ್ಯಾಟರಿಯು ಉಬ್ಬಿಕೊಂಡರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸಬೇಕು. ಒತ್ತುವುದು, ಚುಚ್ಚುವುದು, ಚಾರ್ಜು ಮಾಡುವುದು ಬೆಂಕಿಯೊಡನೆ ಆಟ. ಅದಲ್ಲದೆ ಇನ್ನೊಂದು ಬಗೆಯ ಮುಪ್ಪು ಇದೆ. ತಯಾರಕರು ಕೆಲವು ವರ್ಷಗಳಾದ ಮೇಲೆ ಹಳೆಯ ಫೋನಿಗೆ ಭದ್ರತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸುತ್ತಾರೆ. ಬ್ಯಾಟರಿಯು ಎಷ್ಟೇ ಗಟ್ಟಿಯಾಗಿದ್ದರೂ ಅಂಥ ಫೋನು ಚಿಲಕವಿಲ್ಲದ ಮನೆ. ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅವಿವೇಕ. ನನ್ನ ಫೋನಿಗೂ ತಿದ್ದುಪಡಿಗಳು ನಿಂತುಹೋಗಿವೆ. ಆದುದರಿಂದ ಹಣದ ಕೆಲಸವನ್ನು ಅದರಿಂದ ತೆಗೆದುಬಿಟ್ಟು, ಕರೆಗೂ ಓದಿಗೂ ಮಾತ್ರ ಇಟ್ಟುಕೊಂಡಿದ್ದೇನೆ. ಇದು ಎಷ್ಟು ದಿನ ನಡೆದೀತೆಂದು ಮೊಮ್ಮಗನು ಕೇಳುತ್ತಾನೆ. ಇದೇ ಇದರ ಕೊನೆಯ ಬ್ಯಾಟರಿಯೆಂದು ನಾನೂ ಒಪ್ಪಿಕೊಂಡಿದ್ದೇನೆ.

ಅಕ್ಕನನ್ನು ಆಸ್ಪತ್ರೆಯಿಂದ ಊರಿಗೆ ಕಳುಹಿಸಿದ ಮಾರನೆಯ ದಿನವೇ ಸೂಪರ್ ಮಾರ್ಕೆಟ್ಟಿನ ಕಡೆಯ ಒಂದು ಸಣ್ಣ ಅಂಗಡಿಗೆ ಹೋದೆನು. ಅಂಗಡಿಯ ಹುಡುಗನು ಫೋನಿನ ಬೆನ್ನಿಗೆ ಬಿಸಿಗಾಳಿ ಹಿಡಿದು ಅಂಟನ್ನು ಸಡಿಲಿಸಿ, ತೆಳ್ಳನೆಯ ಪಟ್ಟಿಯಿಂದ ಮೆಲ್ಲನೆ ಮುಚ್ಚಳವನ್ನು ಎಬ್ಬಿಸಿದನು. ಒಳಗಿನ ಬ್ಯಾಟರಿಯು ಎಣ್ಣೆಗೆ ಬಿಟ್ಟ ಪೂರಿಯಂತೆ ಒಂದು ಬದಿಗೆ ಉಬ್ಬತೊಡಗಿತ್ತು. ಅವನು ಅದನ್ನು ನನ್ನ ಮುಂದೆ ಹಿಡಿದು, "ಇದನ್ನ ತಲಿಬುಡಕ ಇಟ್ಕೊಂಡು ಮಲಗತಿದ್ರೇನ್ರಿ ಕಾಕಾ?" ಎಂದನು. ನಾನು ಉತ್ತರ ಕೊಡಲಿಲ್ಲ. ಹೊಸ ಬ್ಯಾಟರಿಗೂ ಕೂಲಿಗೂ ಸೇರಿ 1,400 ರೂಪಾಯಿ ಆಯಿತು. ಕೆಲಸಕ್ಕೆ ಹಿಡಿದುದು ಮುಕ್ಕಾಲು ಗಂಟೆ. ಮೂರು ತಿಂಗಳು ನಾನು ಉಳಿಸಿದುದು ಈ ಹಣವನ್ನು, ಈ ಮುಕ್ಕಾಲು ಗಂಟೆಯನ್ನು. ಹಳೆಯದನ್ನು ಎಲ್ಲಿ ಹಾಕುತ್ತೀಯಪ್ಪ ಎಂದು ಕೇಳಿದೆನು. ಮೂಲೆಯಲ್ಲಿದ್ದ ಮರಳು ತುಂಬಿದ ಡಬ್ಬಿಯನ್ನು ತೋರಿಸಿ, ತಿಂಗಳಿಗೊಮ್ಮೆ ಕಸ ಕೊಳ್ಳುವವರು ಬಂದು ಒಯ್ಯುತ್ತಾರೆಂದನು. ಅವರು ಎಲ್ಲಿಗೆ ಒಯ್ಯುತ್ತಾರೆಂಬುದು ಅವನಿಗೂ ತಿಳಿಯದು. ನಾನು ಹಣವೆಣಿಸಿ ಕೊಟ್ಟು, ಅಲ್ಲಿಯೇ ಮೆಟ್ಟಿಲ ಮೇಲೆ ನಿಂತು ಅಳಿಯನಿಗೆ ಕರೆ ಮಾಡಿದೆನು. ಎರಡನೆಯ ಗಂಟೆಗೇ ಅವನು, "ಹೇಳ್ರಿ ಮಾಮಾ" ಎಂದನು.